ರೊಟ್ಟಿ ಹಾಕಿದವರ ನಾಯಿ

ನಮ್ಮ ಹೊಲದ ಮನೆಗೆ ಊರಿನಿಂದ ಬರಲು ಇರುವುದು ಒಂದೇ ಬಂಡಿದಾರಿ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸಿನಿಂದ ಅಗಸಿಯ, ಅಂದರೆ ಊರಬಾಗಿಲಿನ, ಹತ್ತಿರ ಇಳಿದು, ಊರು ದಾಟಿ, ಎರಡೂ ಬದಿಗೆ ಜಾಲಿ ಬೆಳೆದ ಆ ದಾರಿ ಹಿಡಿದರೆ ಮೊದಲು ನೆರೆಯವರ ಹೊಲ, ಅವರ ತಗಡಿನ ಮನೆ, ಮನೆಯ ಮುಂದೊಂದು ಬೇವಿನ ಮರ. ಅದನ್ನು ದಾಟಿದ ಮೇಲೆ ನಮ್ಮದು. ಆ ಮರದ ನೆರಳಿನಲ್ಲಿ, ಬಂಡಿಯ ಗಾಲಿಗಳು ಕೊರೆದ ಎರಡು ಗೆರೆಗಳ ನಡುವೆ, ಕಂದು ಬಣ್ಣದ, ಉದ್ದ ಕಾಲಿನ ಒಂದು ನಾಯಿ ದಿನವಿಡೀ ಮಲಗಿರುತ್ತಿತ್ತು. ಯಾರಾದರೂ ಬಂದರೆ ಎದ್ದು ದಾರಿಗೆ ಅಡ್ಡವಾಗಿ ನಿಲ್ಲುತ್ತಿತ್ತು. ಬೊಗಳುತ್ತಿರಲಿಲ್ಲ. ಬೊಗಳದ ಆ ನಾಯಿಗೆ ಜನ ಊರೊಳಗಿನ ಬೊಗಳುವ ನಾಯಿಗಳಿಗಿಂತ ಹೆಚ್ಚು ಅಂಜುತ್ತಿದ್ದರು.

ನೆರೆಯವರನ್ನು ನಾನು ಚಿಕ್ಕಂದಿನಿಂದ ಕಾಕಾ ಎನ್ನುತ್ತೇನೆ. ರಕ್ತಸಂಬಂಧವೇನಿಲ್ಲ, ಹೊಲಗಳ ಬದುವಷ್ಟೇ ಸಂಬಂಧ. ಕೆಟ್ಟವರಲ್ಲ. ನಮ್ಮ ಟ್ರೇಲರ್ ಕೆಸರಿನಲ್ಲಿ ಹೂತಾಗ ಕರೆಯದೆಯೇ ಟ್ರ್ಯಾಕ್ಟರ್ ತಂದು ಎಳೆದವರು. ಎಳೆಯ ಬದನೆಕಾಯಿ ಬಂದರೆ ಮೊದಲ ಬುಟ್ಟಿ ನಮ್ಮ ಮನೆಗೆ ಕಳಿಸುವವರು. ನಾಯಿಯ ವಿಷಯದಲ್ಲಿ ಮಾತ್ರ ಅವರು ಎರಡು ನಾಲಿಗೆಯ ಮನುಷ್ಯರಾಗಿದ್ದರು. ಬೀಗರು ಬಂದಾಗ, "ಮುಧೋಳ ನಾಯಿ ರಕ್ತ ಐತ್ರಿ ಅದರಾಗ, ಓಡೂದ ನೋಡಬೇಕ್ರಿ ನೀವು" ಎಂದು ಮೀಸೆ ಸವರಿಕೊಳ್ಳುತ್ತಿದ್ದರು. ದಾರಿಹೋಕರು ದೂರು ಹೇಳಿದಾಗ ಅದೇ ನಾಯಿ ಎಲ್ಲಿಂದಲೋ ಬಂದದ್ದಾಗುತ್ತಿತ್ತು. "ಕಡಿಯಾಂಗಿಲ್ರಿ ಅದು. ಒಂದ್ ತುಕಡಿ ರೊಟ್ಟಿ ಹಾಕ್ರಿ, ಗುರ್ತ ಹಿಡೀತೈತಿ. ಆಮ್ಯಾಲ ನಿಮ್ಮ ಹಿಂದ ಬಾಲ ಅಳ್ಳಾಡಸ್ಕೋತ ಬರತೈತಿ ನೋಡ್ರಿ" ಎಂಬುದು ಎಲ್ಲ ದೂರುಗಳಿಗೂ ಅವರು ಕೊಡುತ್ತಿದ್ದ ಒಂದೇ ಮದ್ದು.

ಜನ ಆ ಮದ್ದನ್ನು ನಂಬಿದರು. ಹಾಲು ಹಾಕಲು ಹೋಗುವವರು ಕ್ಯಾನಿನ ಮುಚ್ಚಳದ ಮೇಲೆ ರೊಟ್ಟಿ ಇಟ್ಟುಕೊಂಡು ಹೊರಡುತ್ತಿದ್ದರು. ಕರೆಂಟಿನ ಲೈನ್‌ಮನ್ ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದ. ಬೈಕಿನವರು ಗಾಡಿ ನಿಲ್ಲಿಸದೆಯೇ ಎಸೆದು ಹೋಗುತ್ತಿದ್ದರು, ಎಡಗೈಯಲ್ಲಿ, ಪೇಪರ್ ಹಾಕುವ ಹುಡುಗರ ಗುರಿಯಲ್ಲಿ. ಒಮ್ಮೆ ಯಾರೋ ಬಿಸ್ಕೀಟು ಹಾಕಿದರಂತೆ. ಮೂಸಿ ನೋಡಿ, ಅಲ್ಲೇ ಬಿಟ್ಟು, ಮತ್ತೆ ದಾರಿಗೆ ಅಡ್ಡ ನಿಂತಿತಂತೆ. ಆ ದಾರಿಯಲ್ಲಿ ನಡೆಯಬೇಕಾದವರು ನಾಯಿಗೆ ಸುಂಕ ಕಟ್ಟುತ್ತಿದ್ದರು. ಸುಂಕ ಎಂಬ ಮಾತನ್ನು ನಾನು ಅವ್ವನೆದುರು ಆಡಿದಾಗ ಆಕೆ ಹಿಟ್ಟಿನ ಕೈ ಝಾಡಿಸಿ ನಕ್ಕಿದ್ದಳು.

"ಒಂದ್ ರೊಟ್ಟಿ ಹೋದ್ರ ಏನ ಹೋತಬೇ?"

"ರೊಟ್ಟಿ ಅಲ್ಲವ್ವಾ. ಕಟ್ಟಿ ಹಾಕೂದು ಅವರ ಕೆಲಸ. ಅದನ್ನ ನಾವ್ಯಾಕ ರೊಟ್ಟಿ ಕೊಟ್ಟು ಮಾಡಬೇಕು?"

"ನಿನ್ನ ಧಾರವಾಡದ ಶಾಣ್ಯಾತನ ಹೋಗಿ ಆ ನಾಯಿಗೆ ಹೇಳು. ಕೇಳಿದ್ರ ನನಗೂ ಹೇಳು."

ಅವ್ವ ರೊಟ್ಟಿಯನ್ನು ಹಗುರವಾಗಿ ಕಂಡದ್ದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ರೊಟ್ಟಿ ಊಟವೂ ಹೌದು, ಕಸುಬೂ ಹೌದು. ಬೈಲಹೊಂಗಲದ ಒಂದು ಖಾನಾವಳಿಗೆ ದಿನಾ ಮೆತ್ತನೆಯ ಜೋಳದ ರೊಟ್ಟಿ ಹೋಗುತ್ತದೆ. ಎಲ್ಲಮ್ಮನ ಗುಡ್ಡಕ್ಕೆ ಬರುವವರು ಬುತ್ತಿಗೆ ಕೊಳ್ಳುವ ಗರಿಗರಿಯಾದ ಕಟಕ ರೊಟ್ಟಿ ಉಗರಗೋಳದ ಅಂಗಡಿಯೊಂದಕ್ಕೆ ಹೋಗುತ್ತದೆ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಬೈಲಹೊಂಗಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತೇನೆ. ಆದರೆ ಮನೆಯನ್ನು ನಡೆಸುವುದು ಹಿತ್ತಲಿನ ತಗಡಿನ ಕೆಳಗಿರುವ ಜೋಡಿ ಒಲೆ. ಒಂದು ಒಲೆಯ ಮುಂದೆ ಅವ್ವ. ಇನ್ನೊಂದರ ಮುಂದೆ ಖಾಲಾ.

ಖಾಲಾ, ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಊರೊಳಗಿನವರು. ಅವರ ಯಜಮಾನರು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಕಾಳಿನ ಚೀಲ ಹೊರುವ ಟೆಂಪೊ ಓಡಿಸುತ್ತಾರೆ. ಬೆಳಿಗ್ಗೆ ಅವರು ಹೊರಟ ಮೇಲೆ ಖಾಲಾ ಆ ಬಂಡಿದಾರಿಯಲ್ಲಿ ನಡೆದು ನಮ್ಮಲ್ಲಿಗೆ ಬರುತ್ತಿದ್ದರು. ಅವರ ರೊಟ್ಟಿಯ ಅಂಚು ಸೀಳುತ್ತಿರಲಿಲ್ಲ. ಹಿಟ್ಟಿನ ಉಂಡೆಯ ಮೇಲೆ ಬಲಗೈ ಬೀಳುವ ಸದ್ದು ನನ್ನ ಕೋಣೆಗೆ ಕೇಳಿಸುತ್ತಿತ್ತು, ನಾಲ್ಕು ಬಡಿತ, ಒಂದು ತಿರುವು, ಮತ್ತೆ ನಾಲ್ಕು ಬಡಿತ. ಅವ್ವನ ಬಡಿತಕ್ಕೂ ಅವರ ಬಡಿತಕ್ಕೂ ಇದ್ದ ವ್ಯತ್ಯಾಸವನ್ನು ನಾನು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದೆ. ಸಂಜೆ ಹೊರಡುವಾಗ ಅವ್ವ ಅವರ ಚೀಲಕ್ಕೆ ಮನೆಗೆಂದು ರೊಟ್ಟಿ ಹಾಕಿ, ಮೇಲೊಂದು ಇಡುತ್ತಿದ್ದಳು. ಮೇಲಿನದು ಮರುದಿನ ಬೆಳಿಗ್ಗೆ ನಾಯಿಗೆ.

ಈ ವ್ಯವಸ್ಥೆ ತಪ್ಪಿದ್ದು ನಾಗರಪಂಚಮಿಯ ಮರುದಿನ. ನಮ್ಮ ಕಡೆ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ: ಮನೆಮನೆಯವರು ರೊಟ್ಟಿ, ಪಲ್ಯ, ಚಟ್ನಿ ಹಂಚಿಕೊಂಡು ತಿನ್ನುತ್ತಾರೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲ. ಅಂದು ಕುದಿಸಿದ್ದನ್ನಷ್ಟೇ ಉಣ್ಣುವುದು. ಆ ವರ್ಷವೂ ಹಬ್ಬದ ರೊಟ್ಟಿಯೆಲ್ಲ ಹಂಚಿ ಹೋಯಿತು, ಮರುದಿನ ಹಂಚು ಮೂಲೆಯಲ್ಲಿ ಬೋರಲಾಗಿ ಕುಳಿತಿತ್ತು. ಅದರ ಮರುದಿನ ಬೆಳಿಗ್ಗೆ ಖಾಲಾ ಕೆಲಸಕ್ಕೆ ಹೊರಟಾಗ ಅವರ ಚೀಲದಲ್ಲಿ ಒಂದು ತುಂಡು ರೊಟ್ಟಿಯೂ ಇರಲಿಲ್ಲ. ಬೇವಿನ ಮರದ ಹತ್ತಿರ ನಾಯಿ ಎದ್ದು ಬಂದಿದೆ. ಚೀಲ ಮೂಸಿದೆ. ಖಾಲಾ ಚೀಲವನ್ನು ಮೇಲೆತ್ತಿದ್ದಾರೆ. ಅದಕ್ಕೆ ಅಭ್ಯಾಸವಾಗಿದ್ದದ್ದು ಕೈ ಮೇಲೆ ಹೋದ ಕೂಡಲೆ ಕೆಳಗೆ ಬರುವ ರೊಟ್ಟಿ. ಬರಲಿಲ್ಲ. ಕೈಯನ್ನೇ ಹಿಡಿಯಿತು.

ಕೂಗು ಕೇಳಿ ನಾನು ಓಡಿದಾಗ ಖಾಲಾ ದಾರಿಯಲ್ಲೇ ಕುಳಿತಿದ್ದರು, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ಹೆಬ್ಬೆರಳಿನ ಬುಡದ ದಪ್ಪ ಮಾಂಸದಲ್ಲಿ ಹಲ್ಲು ಇಳಿದಿತ್ತು. ಕಾಕಾನ ಹೆಂಡತಿ ಒಳಗಿನಿಂದ ಬಟ್ಟಲು ಹಿಡಿದು ಬಂದರು. "ಖಾರಪುಡಿ ಒತ್ತ್ರಿ, ಇಸ ಇಳೀತೈತಿ" ಎಂದರು. ನಾನು ಬಟ್ಟಲನ್ನು ಸರಿಸಿ, ಖಾಲಾರನ್ನು ಕಾಕಾನ ಬೋರಿನ ಪೈಪಿನ ಹತ್ತಿರ ಕರೆದೊಯ್ದು, ಅರಿವೆ ತೊಳೆಯುವ ಸಬಕಾರದಿಂದ ಗಾಯವನ್ನು ತೊಳೆಯುತ್ತ ಕುಳಿತೆ. ನೀರು ಮೊದಲು ಕೆಂಪಗೆ, ಆಮೇಲೆ ನೊರೆಯಾಗಿ, ಕೊನೆಗೆ ತಿಳಿಯಾಗಿ ಹೋಯಿತು. ಆದರೂ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಕಾಕಾ ಹೊಲದಿಂದ ಬಂದರು.

"ಹಲ್ಲ ತಾಗೈತಿ ಅಷ್ಟ. ಕಡದಿಲ್ಲ" ಎಂದರು. ಕೂಡಲೇ ನಮ್ಮ ಅಂಗಳದಲ್ಲಿ ನಿಂತ ನನ್ನ ಸ್ಕೂಟಿಯತ್ತ ನೋಡಿ, "ಪೆಟ್ರೋಲ್ ಐತೇನ ತಂಗಿ?" ಎಂದು ಕೇಳಿದರು. ಎರಡು ಮಾತೂ ಒಬ್ಬರ ಬಾಯಿಂದ, ಒಂದೇ ಉಸಿರಿನಲ್ಲಿ ಬಂದವು. ಅವರನ್ನು ನೆನೆದಾಗ ಈಗಲೂ ನನಗೆ ಇವೆರಡೂ ಜೊತೆಯಾಗಿಯೇ ಕೇಳಿಸುತ್ತವೆ.

ಬೈಲಹೊಂಗಲದ ದವಾಖಾನೆಯಲ್ಲಿ ಡಾಕ್ಟರು ಗಾಯ ನೋಡಿ, ಇನ್ನೂ ಸ್ವಲ್ಪ ತೊಳೆಸಿ, ಸುತ್ತಲೂ ಸೂಜಿ ಹಾಕಿದರು. ಮುಂದೆ ಯಾವಾಗ ಯಾವಾಗ ಬರಬೇಕು ಎಂಬುದನ್ನು ಹೇಳಿದರು. ಆಮೇಲೆ ಕೇಳಿದರು: ನಾಯಿ ಯಾರದು? ಅದಕ್ಕೆ ಇಂಜೆಕ್ಷನ್ ಆಗಿದೆಯೋ? ಹತ್ತು ದಿನ ಕಟ್ಟಿಹಾಕಿ ನೋಡಿಕೊಳ್ಳಲು ಆಗುತ್ತದೆಯೋ?

ಖಾಲಾ ಬಾಗಿಲಿನ ಕಡೆ ನೋಡಿದರು. "ಯಾರದೂ ಅಲ್ರಿ ಸರ. ದಾರ್ಯಾಗಿನ ನಾಯಿ."

"ಸಾಕಿದ ನಾಯಿ" ಎಂದೆ ನಾನು.

"ಯಾವುದು ಬರೀಲಿ?" ಎಂದು ಡಾಕ್ಟರು ನಮ್ಮಿಬ್ಬರ ಮುಖ ನೋಡಿದರು. ಅಲ್ಲಿ ಬರೆದದ್ದೇನು ಎಂದು ನನಗೆ ನೆನಪಿಲ್ಲ. ಅವರು ಹೇಳಿದ್ದು ನೆನಪಿದೆ: ಸೂಜಿ ಹೇಗೂ ಹಾಕುತ್ತೇವೆ, ಆದರೆ ಅದನ್ನು ಕಟ್ಟಿ ನೋಡುವವರು ಬೇಕು, ಇಲ್ಲದಿದ್ದರೆ ಇನ್ನೊಬ್ಬರನ್ನು ಕಡಿಯುತ್ತದೆ. ಇಷ್ಟು ಸರಳವಾದ ಮಾತನ್ನು ಒಂದು ಊರಿಗೆ ಒಪ್ಪಿಸಲು ಎಷ್ಟು ಕಷ್ಟಪಡಬೇಕಾದೀತು ಎಂಬ ಅಂದಾಜು ಆಗ ನನಗಿರಲಿಲ್ಲ.

ಕೈ ಬಾತಿತು. ಬೆರಳು ಮಡಚಲು ಬರುತ್ತಿರಲಿಲ್ಲ. ಅವ್ವ ಎರಡೂ ಒಲೆಗಳ ನಡುವೆ ಒಬ್ಬಳೇ ಓಡಾಡಿ ಖಾನಾವಳಿಯ ರೊಟ್ಟಿಯನ್ನಷ್ಟೇ ಮುಗಿಸುತ್ತಿದ್ದಳು. ಉಗರಗೋಳದ ಅಂಗಡಿಯವರಿಗೆ ಇಲ್ಲ ಎಂದು ಹೇಳಿ ಕಳಿಸಿದೆವು. ನೋಡಲು ಹೋದಾಗ ಖಾಲಾ ಅವ್ವನಿಗೆ ಹೇಳಿದರು:

"ಕೈ ನೆಟ್ಟಗ ಆಗತೈತಿ ಅಕ್ಕಾ. ಕಾಲು ಬರಂಗಿಲ್ಲ ಆ ದಾರಿಗೆ."

"ಕಾಲಿವಿ ಒಡ್ಡಿನ ಮ್ಯಾಲಿಂದ ಬರೂಣು, ನಾ ಬಂದು ಕರಕೊಂಡ ಹೋಗತೇನಿ."

"ದಿನಾ ನೀ ಬಂದು ಕರಕೊಂಡ ಹೋಗಾಕ ನಾ ಏನ ಹೊಸ ಸೊಸಿ ಏನು?" ಎಂದು ನಗಿಸಲು ನೋಡಿದರು. ಅವ್ವ ನಗಲಿಲ್ಲ. ನಮ್ಮ ಮನೆಯ ಎರಡನೆಯ ಒಲೆ ಉರಿಯುವುದೂ ಆರುವುದೂ, ಖಾಲಾರ ಮನೆಗೆ ಅವರದೇ ದುಡಿಮೆ ಹೋಗುವುದೂ ನಿಲ್ಲುವುದೂ ಈಗ ಆ ನಾಯಿಯನ್ನು ಯಾರಾದರೂ ಕಟ್ಟುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಕಟ್ಟಬೇಕಾದವರು ಒಬ್ಬರೇ. ಮರುದಿನ ನಾನು ಅವರ ಅಂಗಳಕ್ಕೆ ಹೋದೆ.

ಕಾಕಾ ಹೊರಸಿನ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಾಯಿ ಕಾಲ ಬಳಿಯೇ ಮಲಗಿತ್ತು.

"ಕಾಕಾ, ನಿಮ್ಮ ನಾಯಿ ಕಟ್ಟ್ರಿ. ದವಾಖಾನ್ಯಾಗ ಹೇಳ್ಯಾರ."

"ಅಲ್ಲಬೇ ತಂಗಿ, ನಾ ಏನ ತಂದು ಸಾಕಿದ ನಾಯಿ ಏನದು? ಮರಿ ಇದ್ದಾಗ ತಾನ ಬಂತು. ತಾನ ಉಳೀತು."

"ನಿಮ್ಮ ಅಂಗಳದಾಗ ಮಲಗತೈತ್ರಿ."

"ಗುಬ್ಬಿನೂ ನಮ್ಮ ಮಾಡದಾಗ ಗೂಡ ಕಟ್ಟ್ಯಾವ. ಅವೂ ನಮ್ಮವೇನು?"

"ಗುಬ್ಬಿ ಕಡಿಯೂದಿಲ್ಲ ಕಾಕಾ."

ಅವರು ಹಗ್ಗ ಕೆಳಗಿಟ್ಟರು. "ಇದನ್ನ ಕಟ್ಟಿದ್ರ ಮಂಗ್ಯಾ ಯಾರ ಕಾಯಬೇಕು? ಗೋವಿನಜೋಳ ಹಾಲಗಾಳಿಗೆ ಬಂದೈತಿ. ರಸ್ತೆದ ಹುಣಸಿಗಿಡದಾಗ ದಂಡ ಕುಂತೈತಿ ನೋಡ ಹೋಗು."

ಅಂದರೆ ಕಾಯುವಾಗ ಅವರದು, ಕಚ್ಚಿದಾಗ ಯಾರದೂ ಅಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಕಲತಾವರ ಮಾತು ಹಿಂಗ ಇರತಾವ" ಎಂದು ನಕ್ಕು, ಹೆಂಡತಿಗೆ ಚಹಾ ಮಾಡಲು ಹೇಳಿದರು. ನಾನು ಕುಡಿಯಲಿಲ್ಲ.

ಊರಿನಲ್ಲಿ ಇಂಥ ಮಾತು ಕೊನೆಗೆ ಹೋಗಿ ಸೇರುವುದು ಹಣಮಂತ ದೇವರ ಗುಡಿಯ ಕಟ್ಟೆಗೆ. ಸಂಜೆ ಇಬ್ಬರು ಹಿರಿಯರು ಕುಳಿತಿದ್ದರು; ಕಾಕಾ ಬಂದರು; ಖಾಲಾರ ಯಜಮಾನರು ಟೆಂಪೊ ನಿಲ್ಲಿಸಿ ಬಂದು ಹಿಂದೆ ನಿಂತರು. ಖಾಲಾ ಬರಲಿಲ್ಲ. ಅವ್ವ ಮತ್ತು ನಾಲ್ಕಾರು ಹೆಣ್ಣುಮಕ್ಕಳು ನಳದ ಹತ್ತಿರ ಕೊಡ ಇಟ್ಟುಕೊಂಡು, ನೀರಿಗೆ ಬಂದವರ ಹಾಗೆ ನಿಂತರು. ನಾನು ಮಾತಾಡಿದೆ. ಪ್ರಾಣಿಯನ್ನು ಸಾಕುವುದು ಹಕ್ಕಾದರೆ ಅದು ಮಾಡಿದ ಗಾಯಕ್ಕೆ ಉತ್ತರ ಕೊಡುವುದು ಹೊಣೆ ಎಂದೆ. ಹೊಣೆಯಿಲ್ಲದ ಒಡೆತನವನ್ನು ಊರು ಒಪ್ಪಿದರೆ ನಾಳೆ ದಾರಿಯನ್ನೇ ಬಿಟ್ಟುಕೊಡಬೇಕಾಗುತ್ತದೆ ಎಂದೆ. ಇನ್ನೂ ಹೇಳುವುದಿತ್ತು. ಹಿರಿಯರಲ್ಲೊಬ್ಬರು ಕೈ ಎತ್ತಿದರು.

"ಭಾಷಣ ಚಂದ ಆತ್ರಿ ಅಕ್ಕೋರ. ಈಗ ನಾಯಿ ಯಾರದು, ಅದನ್ನ ಹೇಳ್ರಿ."

ಕಾಕಾ ಎದ್ದು ನಿಂತರು. ಅವರ ಧ್ವನಿಯಲ್ಲಿ ಕಪಟವಿರಲಿಲ್ಲ. ತಾವು ಹೇಳುವುದನ್ನು ಅವರು ನಂಬಿದ್ದರೆಂದೇ ನನಗನಿಸುತ್ತದೆ. "ಹಿರ್ಯಾರ, ದಿನಾ ಅದಕ್ಕ ರೊಟ್ಟಿ ಹಾಕಾವರ ಯಾರು? ಹಾಲಿನಾವ ಹಾಕತಾನ. ಲೈನ್‌ಮನ್ ಹಾಕತಾನ. ಆ ಬೀಬಿನೂ ಹಾಕತಾಳ. ಈ ಅಕ್ಕೋರ ಅವ್ವಾರಂತೂ ಎಣ್ಣಿ ಹಚ್ಚಿ ಹಾಕ್ಯಾರ. ನಮ್ಮ ಮನ್ಯಾಗ ಅದಕ್ಕ ಹಾಕಿದ್ದ ಕಮ್ಮಿ. ಹಿಂಗಿದ್ದಾಗ ನಾನೊಬ್ಬನ ಹೆಂಗ ಧಣಿ ಆದೆ? ರೊಟ್ಟಿ ಹಾಕಿದಾವರೆಲ್ಲಾ ಧಣ್ಯಾರ."

ಕಟ್ಟೆಯ ಮೇಲೆ ನಗೆ ಎದ್ದಿತು. ಇಬ್ಬರು ಹಿರಿಯರೂ ತಲೆಯಾಡಿಸಿದರು, ಏಕೆಂದರೆ ನಮ್ಮ ಕಡೆ ಅನ್ನ ಹಾಕಿದ ಕೈಗೆ ಒಂದು ಅಧಿಕಾರವಿದೆ. ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಕಾಕಾನೇ ಹೇಳಿಕೊಟ್ಟ ರೊಟ್ಟಿ, ಅವರ ನಾಯಿಗೆ ಅಂಜಿ ಹಾಕಿದ ರೊಟ್ಟಿ, ಈಗ ನಮ್ಮ ಕೊರಳಿಗೆ ಬಂದಿತ್ತು. ನಾನು ಸಿಟ್ಟಿನಿಂದ ಮತ್ತೆ ಬಾಯಿ ತೆರೆಯುವ ಮೊದಲು ನಳದ ಹತ್ತಿರದಿಂದ ಅವ್ವನ ಮಾತು ಬಂತು.

"ಹೌದ್ರಿ, ಹಾಕೇವಿ. ನಾಳಿಂದ ಹಾಕಂಗಿಲ್ಲ. ನಾವೂ ಹಾಕಂಗಿಲ್ಲ, ಇವರ್ಯಾರೂ ಹಾಕಂಗಿಲ್ಲ. ಹಸದ ನಾಯಿ ಯಾರ ಬಾಗಲಕ್ಕ ಹೋಗಿ ನಿಂದ್ರತೈತಿ ನೋಡೂಣು. ಅವರ ಅದರ ಧಣಿ. ಅವರ ಕಟ್ಟಬೇಕು."

ನಳದ ಹತ್ತಿರದ ಹೆಣ್ಣುಮಕ್ಕಳೆಲ್ಲ "ಹೌದ ಹೌದ" ಎಂದರು. ಕಾಕಾನೂ ಒಪ್ಪಿದರು. ಅಲ್ಲಿಗೆ ಕಟ್ಟೆ ಖಾಲಿಯಾಯಿತು.

ಹೊಣೆಯನ್ನು ನಾಯಿಯ ಹಸಿವು ತೀರ್ಮಾನಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಸಿದ ನಾಯಿ ಇನ್ನಷ್ಟು ಅಪಾಯ ಎಂದು ಮನೆಗೆ ಹೋಗುವ ದಾರಿಯಲ್ಲಿ ಅವ್ವನೊಡನೆ ಜಗಳ ತೆಗೆದೆ. ಅದಕ್ಕೂ ಆಕೆ ನಳದ ಹತ್ತಿರವೇ ಏರ್ಪಾಟು ಮಾಡಿ ಬಂದಿದ್ದಳು: ನಾಯಿ ಒಂದು ಬಾಗಿಲು ಹಿಡಿಯುವ ತನಕ ಎಲ್ಲರೂ ಬಂಡಿ ಹೋಗದ ಕಾಲುವೆಯ ಒಡ್ಡಿನ ಸುತ್ತುದಾರಿಯಲ್ಲಿ, ಜೊತೆಯಾಗಿ ಹೋಗುವುದು. ಹಾಲಿನವರು ಗೊಣಗಿದರು. ಲೈನ್‌ಮನ್ ಬರುವುದನ್ನೇ ಬಿಟ್ಟ. ಬಂಡಿದಾರಿಯಲ್ಲಿ ರೊಟ್ಟಿ ಬೀಳುವುದು ನಿಂತಿತು.

ಅವ್ವನ ಲೆಕ್ಕಾಚಾರದಲ್ಲಿ ಒಂದು ತಪ್ಪಿತ್ತು. ರೊಟ್ಟಿಯ ವಾಸನೆ ಎಲ್ಲಿಂದ ಏಳುತ್ತದೆ ಎಂಬುದನ್ನು ಆಕೆ ಮರೆತಿದ್ದಳು. ಒಂದು ಬೆಳಿಗ್ಗೆ ಒಲೆ ಹೊತ್ತಿಸಿ ಮೊದಲ ರೊಟ್ಟಿಯನ್ನು ಹಂಚಿಗೆ ಹಾಕುವಷ್ಟರಲ್ಲಿ, ಹಿತ್ತಲಿನ ಬೇಲಿ ನುಸುಳಿ ಆ ನಾಯಿ ಬಂದು ಖಾಲಾರ ಒಲೆಯ ಪಕ್ಕದಲ್ಲಿ, ಖಾಲಾ ಕೂರುತ್ತಿದ್ದ ಮಣೆಯ ಮುಂದೆ, ಕಾಲು ಚಾಚಿ ಮಲಗಿತು.

ಸುದ್ದಿ ನನಗಿಂತ ಮೊದಲು ಊರು ಸೇರಿತು. ಅಗಸಿಯ ಚಹಾದಂಗಡಿಯ ಮುಂದೆ ಕಾಕಾ ಕಪ್ಪು ಹಿಡಿದು ನಿಂತಿದ್ದರು. "ಏನ್ರಿ ಅಕ್ಕೋರ, ಧಣಿ ಯಾರಂತ ಗೊತ್ತಾತಲ್ಲ!" ಎಂದರು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತ, "ಅಕ್ಕೋರ, ನಿಮ್ಮ ನಾಯಿ ಹೆಂಗೈತ್ರಿ?" ಎಂದ. ಹಿಂದಿನ ಸೀಟಿನವರು, ನನ್ನ ವಿದ್ಯಾರ್ಥಿನಿಯರೂ ಸೇರಿ, ನಕ್ಕರು. ಆ ದಿನ ತರಗತಿಯಲ್ಲಿ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ಮನೆಗೆ ಬಂದಾಗ ನಾಯಿ ಎಮ್ಮೆಯ ಗೂಟಕ್ಕೆ ಕಟ್ಟಿಸಿಕೊಂಡು, ಬೋಗುಣಿಯಲ್ಲಿ ನೀರು ಕುಡಿಯುತ್ತಿತ್ತು. ಎಮ್ಮೆ ಅದನ್ನು ದಿಟ್ಟಿಸುತ್ತಿತ್ತು.

"ಯಾಕ ಕಟ್ಟೀದೆವ್ವಾ?"

"ನಮ್ಮ ಬಾಗಲಕ್ಕ ಬಂದೈತಿ. ಮಾತ ಕೊಟ್ಟೇನಿ. ನಮ್ದ."

"ನಮ್ದಲ್ಲ!"

"ನಮ್ದಂತ ಎಲ್ಲಾರೂ ಅನ್ನಾಕತ್ತಾರಲ್ಲ. ಛಲೋ ಆತು. ನಮ್ದು ನಾವು ಕಟ್ಟಿದ್ರ ಬಿಡ್ರಿ ಅನ್ನಾಕ ಯಾರಿಗೆ ಬಾಯಿ ಐತಿ?"

ವರ್ಷಗಟ್ಟಲೆ ರೊಟ್ಟಿ ಹಾಕಿದ ಕೈಯಾದ್ದರಿಂದ ನಾಯಿ ಅವ್ವನಿಗೆ ಕೊರಳು ಕೊಟ್ಟಿತ್ತು. ನನಗೆ ಕೊಡಲಿಲ್ಲ, ನಾನು ಹತ್ತಿರ ಹೋದರೆ ತುಟಿ ಮೇಲೆತ್ತಿ ಹಲ್ಲು ತೋರಿಸುತ್ತಿತ್ತು. ಆದರೂ ದಿನಾ ಬೆಳಿಗ್ಗೆ ದೂರದಿಂದ ನೋಡುತ್ತಿದ್ದೆ: ಉಂಡಿತೋ, ನೀರು ಕುಡಿಯಿತೋ, ಜೊಲ್ಲು ಸುರಿಯುತ್ತಿದೆಯೋ, ನಡಿಗೆ ತಪ್ಪಿದೆಯೋ. ಖಾಲಾರನ್ನು ಮುಂದಿನ ಸೂಜಿಗೆ ಕರೆದುಕೊಂಡು ಹೋದಾಗ ಡಾಕ್ಟರಿಗೆ ಅದನ್ನೆಲ್ಲ ಒಪ್ಪಿಸಿದೆ. "ಹಾಗಾದರೆ ಕಟ್ಟಿದ್ದಾರೆ" ಎಂದರು ಅವರು. "ಕಟ್ಟಿದ್ದೇವೆ" ಎಂದೆ. ಡಾಕ್ಟರು ಹೇಳಿದ್ದ ಗಡುವು ಮುಗಿಯಿತು. ನಾಯಿ ಗಟ್ಟಿಮುಟ್ಟಾಗಿಯೇ ಇತ್ತು. ಆ ಮಾತನ್ನು ಕೇಳಿ ಖಾಲಾರಿಗೆ ಸಮಾಧಾನವಾಯಿತು. ಆದರೆ ಕೆಲಸಕ್ಕೆ ಬರುತ್ತೇನೆ ಎನ್ನಲಿಲ್ಲ. "ನಿಮ್ಮ ಮನ್ಯಾಗ ಐತಲ್ಲ ಈಗ ಅದು" ಎಂದರು.

ಅಷ್ಟರಲ್ಲಿ ರಸ್ತೆಯ ಹುಣಸೆಮರಗಳ ಮಂಗಗಳಿಗೆ ಬೇವಿನ ಮರದ ಕೆಳಗೆ ಯಾರೂ ಇಲ್ಲ ಎಂಬುದು ತಿಳಿದಿತ್ತು. ಕಾಕಾನ ಹೊಲದ ಕಡೆಯಿಂದ ಬೆಳಿಗ್ಗೆಯೇ ಡಬ್ಬಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಮೊದಲು ಕಾಕಾನ ಹೆಂಡತಿ, ಆಮೇಲೆ ಕಾಕಾ, ಮಧ್ಯಾಹ್ನ ಮತ್ತೆ ಹೆಂಡತಿ. ಡಬ್ಬಿಗೆ ಮಂಗಗಳು ಒಂದೆರಡು ದಿನ ಅಂಜಿದವು, ಆಮೇಲೆ ಬದುವಿನ ಮೇಲೆ ಕುಳಿತು ತೆನೆಯ ಸಿಪ್ಪೆ ಸುಲಿಯುತ್ತ ಕೇಳತೊಡಗಿದವು. ಆ ಸದ್ದು ಬಂದಾಗಲೆಲ್ಲ ನಮ್ಮ ಗೂಟದ ನಾಯಿ ಕಿವಿ ನಿಮಿರಿಸಿ ಹಗ್ಗ ಜಗ್ಗುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು.

ನಾನು ಕಾಲೇಜಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದ ಒಂದು ಬೆಳಿಗ್ಗೆ ಕಾಕಾ ಬಂದು ಬೇಲಿಯ ಆಚೆ ನಿಂತರು. ಕೈಯಲ್ಲಿ ಇನ್ನೂ ಡಬ್ಬಿಯಿತ್ತು.

"ಅಕ್ಕಾರ, ನಾಯಿ ಬಿಡ್ರಿ."

"ಯಾವ ನಾಯಿರಿ?" ಎಂದಳು ಅವ್ವ, ಕಣ್ಣೆತ್ತದೆ.

"ಅದ... ಆ ನಾಯಿ."

"ನಮ್ಮ ನಾಯಿ ನಾವು ಬಿಡಂಗಿಲ್ರಿ. ಕಡೀತೈತಿ ಅದು."

ಕಾಕಾ ಹೊಲದ ಕಡೆ ತಿರುಗಿ ನೋಡಿದರು. ತಿರುಗಿದ್ದವರು ಇದ್ದಕ್ಕಿದ್ದಂತೆ ಒಂದು ಹೆಸರು ಹಿಡಿದು ಕೂಗಿದರು. ಆ ಹೆಸರನ್ನು ಅವ್ವ ಕೇಳಿರಲಿಲ್ಲ, ನಾನು ಕೇಳಿರಲಿಲ್ಲ, ರೊಟ್ಟಿ ಹಾಕುತ್ತಿದ್ದ ಯಾರೂ ಕೇಳಿರಲಿಲ್ಲ. ಅದು ಅವರ ಮನೆಯೊಳಗೆ ಮಾತ್ರ ಓಡಾಡಿದ ಹೆಸರು. ನಾಯಿ ಹಗ್ಗ ತುಂಡಾಗುವ ಹಾಗೆ ನೆಗೆಯಿತು. ಮೈಯೆಲ್ಲ ಬಾಲವಾಯಿತು. ಮರಿಯಾಗಿದ್ದಾಗ ಇಟ್ಟ ಹೆಸರಿರಬೇಕು, ಎತ್ತಿಕೊಂಡು ಇಟ್ಟದ್ದು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅವ್ವ ಬಡಿಯುವುದನ್ನು ನಿಲ್ಲಿಸಿದಳು. ಕಾಕಾ ನೆಲ ನೋಡಿದರು.

"ನಮ್ಮ ನಾಯಿ ಅಕ್ಕಾರ" ಎಂದರು. "ನಮ್ದು. ಬಿಡ್ರಿ."

"ಈ ಮಾತ ಕಟ್ಟಿ ಮ್ಯಾಲ ಬಂದು ಅನ್ರಿ ಕಾಕಾ" ಎಂದೆ ನಾನು. "ನಮ್ದಲ್ಲ ಅಂದದ್ದು ಅಲ್ಲೇ."

ಅವ್ವ ನನ್ನನ್ನು ತಡೆದಳು. "ಕಟ್ಟಿಗೆ ಕಡದಿಲ್ಲ. ಕಡದದ್ದು ಅಕಿಗೆ. ಅಕಿ ಮನಿಗೆ ಹೋಗಿ ಅನ್ರಿ."

ಕಾಲೇಜಿಗೆ ತಡವಾಗುವುದನ್ನು ಲೆಕ್ಕಿಸದೆ ನಾನು ಅವರ ಹಿಂದೆಯೇ ಊರಿಗೆ ಹೋದೆ. ಅವರು ಮಾತನ್ನು ಅರ್ಧಕ್ಕೆ ನುಂಗಿ ಬಂದುಬಿಟ್ಟಾರು ಎಂಬ ಸಂಶಯ ನನಗಿತ್ತು. ಖಾಲಾ ಬಾಗಿಲಲ್ಲಿ ಅವರನ್ನು ನೋಡಿ ಮೊದಲು ಬೆದರಿದರು, ಆಮೇಲೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. "ಕುಂದರ್ರಿ ಸಾವ್ಕಾರ್ರ. ಚಾ ಕುಡೀರಿ." ಎಡಗೈಯಲ್ಲಿ ಚಹಾ ಸೋಸಿದರು, ಅರ್ಧ ಹೊರಗೆ ಚೆಲ್ಲಿತು. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಗಾಯ ಒಣಗಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ಕಾಕಾ ಆ ಕೈಯನ್ನು ನೋಡಿದರು, ಚೆಲ್ಲಿದ ಚಹಾ ನೋಡಿದರು, ಕಪ್ಪು ಖಾಲಿ ಮಾಡಿ ಕೆಳಗಿಟ್ಟರು.

"ನಮ್ಮ ನಾಯಿ ಕಡೀತು ನಿಮಗ" ಎಂದರು ಕೊನೆಗೆ. "ನಮ್ದ ಅದು. ತಪ್ಪಾತು."

"ನಾಯಿದು ತಪ್ಪಲ್ರಿ" ಎಂದರು ಖಾಲಾ.

ಕಾಕಾ ಮುಂದಿನ ಮಾತಿಗೆ ಕಾದರು. ಖಾಲಾ ಮುಂದುವರಿಸಲಿಲ್ಲ. ಹಾಗೆ ಬಿಟ್ಟ ಆ ಜಾಗ ಕಟ್ಟೆಯ ಮೇಲಿನ ನನ್ನ ಭಾಷಣಕ್ಕಿಂತ ಗಟ್ಟಿಯಾಗಿತ್ತು. ಖಾಲಿ ಕಪ್ಪು ಎತ್ತಿಕೊಂಡು ಖಾಲಾ ಕೇಳಿದರು, "ಕಟ್ಟತೀರಿ?"

"ಕಟ್ಟತೇನಿ."

"ಹಗ್ಗಲೆ ಬ್ಯಾಡ. ಸರಪಳಿ. ಕಟ್ಟಿದ್ದು ನಾ ಕಣ್ಣಲೆ ನೋಡಬೇಕು. ಆಮ್ಯಾಲ ಬರತೇನಿ ಅಕ್ಕನ ಮನಿಗೆ."

ಕಾಕಾ ಕಟ್ಟಿದರು. ಬರೀ ಕಟ್ಟಿದ್ದಲ್ಲ, ಮಂಗನೂ ಕಾಯಬೇಕು, ದಾರಿಗೂ ಬರಬಾರದು ಎಂದು ತಲೆ ಓಡಿಸಿದರು: ದಾರಿಯಿಂದ ದೂರ, ಗೋವಿನಜೋಳದ ಬದುವಿಗೆ ಉದ್ದಕ್ಕೂ ಎರಡು ಕಲ್ಲುಕಂಬಗಳ ನಡುವೆ ದಪ್ಪ ತಂತಿ ಎಳೆದು, ಅದರಲ್ಲೊಂದು ಕಬ್ಬಿಣದ ಉಂಗುರ, ಉಂಗುರಕ್ಕೆ ಸರಪಳಿ. ನಾಯಿ ಬದುವಿನ ಈ ತುದಿಯಿಂದ ಆ ತುದಿಗೆ ಓಡಬಹುದು. ಬೇವಿನ ಮರದ ನೆರಳಿಗೆ ಬರಲಾಗದು. ಬೈಲಹೊಂಗಲದ ಪಶು ಆಸ್ಪತ್ರೆಗೆ ಟ್ರೇಲರಿನಲ್ಲಿ ಕೂರಿಸಿಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಇಷ್ಟನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಕೇಳಿದೆ. "ಮೊದಲ ಯಾರ ಹಿಂಗ ಕೇಳಿದ್ದಿಲ್ಲ ತಂಗಿ" ಎಂದರು. ಎಲ್ಲರೂ ಕೇಳಿದ್ದರು. ಖಾಲಾ ಕೆಲಸವಿಲ್ಲದೆ ಕುಳಿತ ದಿನಗಳಿಗೆ ಯಾರು ಉತ್ತರ ಕೊಡುವವರು ಎಂದೂ ಕೇಳಿದೆ. ಅದಕ್ಕೆ ಅವರು ಹೊಲದ ಕಡೆ ನೋಡಿದರು. ಆ ಪ್ರಶ್ನೆಯನ್ನು ನಾನು ಹಿಂತೆಗೆದುಕೊಂಡಿಲ್ಲ. ಎದುರಾದಾಗಲೆಲ್ಲ ಕೇಳುತ್ತೇನೆ, ಬದನೆಕಾಯಿಯ ಬುಟ್ಟಿ ಬಂದ ದಿನವೂ ಕೇಳಿದ್ದೇನೆ.

ಖಾಲಾ ಬಂದದ್ದು ಒಂದು ಸೋಮವಾರ. ಅವ್ವ ಅಗಸಿಯ ತನಕ ಹೋಗುತ್ತೇನೆಂದಳು, ಖಾಲಾ ಬೇಡವೆಂದು ಹೇಳಿ ಕಳಿಸಿದ್ದರು. ನಾವಿಬ್ಬರೂ ನಮ್ಮ ಬೇಲಿಯ ಹತ್ತಿರ ನಿಂತು ನೋಡಿದೆವು. ಬೇವಿನ ಮರದ ಹತ್ತಿರ ಬಂದಾಗ ಅವರ ನಡಿಗೆ ನಿಂತಿತು. ಬದುವಿನ ಕಡೆಯಿಂದ ನಾಯಿ ಅವರನ್ನು ಕಂಡು ಓಡಿ ಬಂತು. ಉಂಗುರ ತಂತಿಯ ಮೇಲೆ ಕಿರ್ರೆಂದು ಜಾರಿ ಕಂಬಕ್ಕೆ ಬಡಿಯಿತು, ಸರಪಳಿ ಬಿಗಿಯಿತು. ಆಗ ಅದು ಬೊಗಳಿತು. ಅದರ ಬೊಗಳಿಕೆ ಹೇಗಿರುತ್ತದೆ ಎಂಬುದನ್ನು ನಾವು ಕೇಳಿದ್ದು ಅಂದೇ ಮೊದಲು.

ಖಾಲಾ ಸರಪಳಿಯನ್ನು ನೋಡಿದರು, ಕಂಬ ನೋಡಿದರು, ಉಂಗುರ ನೋಡಿದರು. ಆಮೇಲೆ ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡು ನಡೆದು ಬಂದರು. ಬಂದವರೇ ಚೀಲವನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಮಣೆ ಎಳೆದುಕೊಂಡು ಕುಳಿತರು.

"ರೊಟ್ಟಿ ತಂದಿದ್ದೇನಬೇ?" ಎಂದಳು ಅವ್ವ.

"ಯಾಕ ತರಲಿ?" ಎಂದು ಖಾಲಾ ಹಿಟ್ಟಿಗೆ ಕೈ ಹಾಕಿದರು.

ಮೊದಲ ರೊಟ್ಟಿಯ ಅಂಚು ಸೀಳಿತು. ಎರಡನೆಯದೂ ಸೀಳಿತು. ಹೆಬ್ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಅವೆರಡನ್ನೂ ಪಕ್ಕಕ್ಕಿಟ್ಟು, ಮೂರನೆಯ ಉಂಡೆ ತೆಗೆದುಕೊಂಡರು.